ಭಾವನ ತೋರುಬೆರಳು

ಡೀಪ್ ಪರ್ಪಲ್ ಎಂಬ ರಾಕ್ ತಂಡದಲ್ಲಿ ಯಾವ ವರ್ಷ ಯಾರು ಬಾಸ್ ಗಿಟಾರ್ ನುಡಿಸುತ್ತಿದ್ದರು ಎಂದು ನಡುರಾತ್ರಿ ಎಬ್ಬಿಸಿ ಕೇಳಿದರೂ ನಮ್ಮ ಭಾವ ಹೇಳುತ್ತಾರೆ. ಅವರ ಮನೆ ಯಾವ ವಾರ್ಡಿಗೆ ಸೇರುತ್ತದೆ ಎಂದು ಮಟಮಟ ಮಧ್ಯಾಹ್ನ ಕೇಳಿದರೂ ಗೊತ್ತಿಲ್ಲ. "ವಾರ್ಡ್ ಎಲ್ಲಾ ನಿಮ್ಮಕ್ಕ ನೋಡ್ಕೋತಾಳೆ" ಎನ್ನುತ್ತಾರೆ. ಅಕ್ಕ ನೋಡಿಕೊಳ್ಳುವುದು ಕಸದ ಗಾಡಿ ಬರುವ ಹೊತ್ತನ್ನು.

ಭಾವನ ಬಳಿ ಎರಡು ವಿಷಯಗಳಿಗೆ ಅಭಿಪ್ರಾಯದ ಸ್ಟಾಕ್ ಯಾವಾಗಲೂ ಇರುತ್ತದೆ. ಒಂದು ರಾಕ್ ಸಂಗೀತ, ಇನ್ನೊಂದು ಎಲೆಕ್ಷನ್. ಎರಡನ್ನೂ ಅವರು ಒಂದೇ ಉಸಿರಿನಲ್ಲಿ ಮಾತಾಡುತ್ತಾರೆ. ಅರ್ಧ ಗಂಟೆ ಕೇಳಿದ ಮೇಲೆ ಯಾರು ಸತ್ತಿದ್ದು, ಯಾರು ಸೋತಿದ್ದು ಎಂಬುದು ನಮಗೆ ಕಲಸಿಹೋಗಿರುತ್ತದೆ.

2025ರ ಜುಲೈ 22ರಂದು ಇಂಗ್ಲೆಂಡಿನ ರಾಕ್ ಗಾಯಕ ಆಜ಼ಿ ಆಸ್ಬೋರ್ನ್ ತೀರಿಕೊಂಡರು. ಹದಿನೇಳು ದಿನ ಮುಂಚೆಯಷ್ಟೇ ಬರ್ಮಿಂಗ್‌ಹ್ಯಾಮಿನಲ್ಲಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಕೊನೆಯ ಕಛೇರಿ ಮಾಡಿದ್ದರು. ಭಾವ ಮನೆಯವರ ವಾಟ್ಸ್ಆಪ್ ಗುಂಪಿಗೆ ಉದ್ದದ ಶ್ರದ್ಧಾಂಜಲಿ ಹಾಕಿದರು. "ಒಂದು ಯುಗ ಮುಗಿಯಿತು. ತುಂಬಲಾರದ ನಷ್ಟ." ಕೆಳಗೆ ಹಾಡುತ್ತಿರುವ ಆಜ಼ಿಯ ಫೋಟೊ, ಕಣ್ಣಿಗೆ ಕಪ್ಪು, ಬಾಯಿ ಅಗಲ. ಭಾವನ ತಾಯಿ ಉತ್ತರ ಬರೆದರು: "ಪಾಪ. ನಮ್ಮ ಕಡೆಯವರಾ?" ಅಷ್ಟರಲ್ಲಿ ಚಿಕ್ಕಪ್ಪ ಕೈಮುಗಿಯುವ ಚಿತ್ರ ಹಾಕಿ "ಓಂ ಶಾಂತಿ" ಎಂದಿದ್ದರು. 1982ರಲ್ಲಿ ವೇದಿಕೆಯ ಮೇಲೆ ಬಾವಲಿಯ ತಲೆ ಕಚ್ಚಿ, ಆಮೇಲೆ ರೇಬೀಸ್ ಸೂಜಿ ಚುಚ್ಚಿಸಿಕೊಂಡ ಮನುಷ್ಯನಿಗೆ ಪದ್ಮನಾಭನಗರದಿಂದ ಸದ್ಗತಿ ಕೋರಲಾಯಿತು.

ಇದನ್ನು ನೋಡಿ ನನಗೆ ನಮ್ಮ ರಾಜಕಾರಣಿಗಳ ಶ್ರದ್ಧಾಂಜಲಿ ನೆನಪಾಯಿತು. ಅಲ್ಲಿ ಸತ್ತವರೆಲ್ಲ ಅಜಾತಶತ್ರುಗಳು. ಹಿಂದಿನ ವಾರದವರೆಗೆ ಮೈಕಿನ ಮುಂದೆ ಏಕವಚನದಲ್ಲಿ ಬೈದವರೇ ಹೂವಿನ ಹಾರ ಹಿಡಿದು "ತುಂಬಲಾರದ ನಷ್ಟ" ಎನ್ನುತ್ತಾರೆ. ಆ ತುಂಬಲಾರದ ನಷ್ಟವನ್ನು ಆರು ತಿಂಗಳೊಳಗೆ ಉಪಚುನಾವಣೆ ಮಾಡಿ ತುಂಬಬೇಕು ಎಂದು ಕಾನೂನೇ ಇದೆ. ತುಂಬಲು ಮಗನೋ ಹೆಂಡತಿಯೋ ಬಿಳಿ ಬಟ್ಟೆ ಹಾಕಿಕೊಂಡು ತಯಾರಾಗಿಯೇ ಇರುತ್ತಾರೆ. ರಾಕ್‌ನಲ್ಲಿ ಪಾಪ, ಆ ಅನುಕೂಲ ಕಡಿಮೆ. ಗಿಟಾರ್ ಬಾರದ ಮಗನನ್ನು ಅನುಕಂಪದ ಮೇಲೆ ಗಿಟಾರಿಸ್ಟ್ ಮಾಡಲು ಆಗುವುದಿಲ್ಲ.

ವಯಸ್ಸಿನ ಲೆಕ್ಕವೂ ಅಷ್ಟೇ. ಜಿಮಿ ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್, ಜಿಮ್ ಮಾರಿಸನ್, ಕರ್ಟ್ ಕೊಬೇನ್ ನಾಲ್ವರೂ 27ಕ್ಕೆ ಹೋದವರು. ಅಷ್ಟರಲ್ಲಿ ಎಲ್ಲ ಮುಗಿಸಿದ್ದರು. ನಮ್ಮಲ್ಲಿ ಶಾಸಕನಾಗಲು ಕನಿಷ್ಠ 25 ಆಗಿರಬೇಕು. 27ಕ್ಕೆ ಇನ್ನೂ ಹುಟ್ಟುಹಬ್ಬದ ಫ್ಲೆಕ್ಸಿನ ಕೆಳಸಾಲಿನಲ್ಲಿ, ಅಂಗೈಯಗಲದ ತಲೆಗಳ ನಡುವೆ ಒಂದು ತಲೆ. ಫ್ಲೆಕ್ಸಿನ ನಡುವೆ ತೋಳು ಕಟ್ಟಿ ನಿಂತಿರುವ "ಯುವ ನಾಯಕ"ರಿಗೆ ಐವತ್ತೈದು. ಅಂದಹಾಗೆ ಹೈಕೋರ್ಟ್ ಗದರಿದ ಮೇಲೆ 2018ರಲ್ಲೇ ಈ ಬೆಂಗಳೂರಲ್ಲಿ ಫ್ಲೆಕ್ಸ್ ನಿಷೇಧವಾಗಿದೆ. ಆ ಸುದ್ದಿ ಯುವ ನಾಯಕರಿಗೆ ಇನ್ನೂ ತಲುಪಿಲ್ಲ. ಅದನ್ನೂ ಒಂದು ಫ್ಲೆಕ್ಸಿನಲ್ಲಿ ಹಾಕಿದರೆ ತಲುಪಬಹುದು.

ಭಾವನಿಗೆ ಪ್ರಾಣವಾದ ವಿಷಯ ಒಂದೇ: ತಂಡ ಒಡೆದ ಮೇಲೆ ಹೆಸರು ಯಾರದ್ದು? ಪಿಂಕ್ ಫ್ಲಾಯ್ಡ್ ತಂಡ ಬಿಟ್ಟು ರೋಜರ್ ವಾಟರ್ಸ್ 1985ರಲ್ಲಿ ಹೊರಬಂದರು. ನಾನಿಲ್ಲದ ಮೇಲೆ ಆ ಹೆಸರು ಇರಬಾರದು ಎಂದು ಕೋರ್ಟಿಗೆ ಹೋದರು. 1987ರ ಕೊನೆಗೆ ರಾಜಿಯಾಯಿತು. ಹೆಸರು ತಂಡದಲ್ಲೇ ಉಳಿದ ಗಿಟಾರಿಸ್ಟ್ ಗಿಲ್ಮೋರ್ ಕಡೆ ಉಳಿಯಿತು, ಕಛೇರಿಗಳಲ್ಲಿ ಆಕಾಶಕ್ಕೆ ಬಿಡುತ್ತಿದ್ದ ಗಾಳಿ ತುಂಬಿದ ಹಂದಿ ವಾಟರ್ಸ್ ಪಾಲಿಗೆ ಹೋಯಿತು. ಈ ಕತೆಯನ್ನು ಭಾವ ಆಸ್ತಿ ವ್ಯಾಜ್ಯದ ವಕೀಲರ ಹಾಗೆ ವಿವರಿಸುತ್ತಾರೆ. ಕೊನೆಗೆ ಹಂದಿಯ ಹತ್ತಿರ ಬಂದಾಗ ಗಂಟಲು ಕಟ್ಟುತ್ತದೆ.

"ಭಾವ, ಇದೇ ಕತೆ ನಮ್ಮೂರಲ್ಲೂ ನಡೆದಿದೆಯಲ್ಲ" ಎಂದೆ ಒಮ್ಮೆ. ಜನತಾದಳ ಹುಟ್ಟಿದ್ದೇ ಬೆಂಗಳೂರಿನಲ್ಲಿ, 1988ರ ಅಕ್ಟೋಬರ್ 11ರಂದು. ಹುಟ್ಟಿದಾಗಿನಿಂದ ಒಡೆಯುವುದೇ ಅದರ ಮುಖ್ಯ ಕಾರ್ಯಕ್ರಮವಾಗಿತ್ತು. 1999ರಲ್ಲಿ ಒಡೆದಾಗ ಪಕ್ಷದ ಗುರುತಾದ ಚಕ್ರ ಯಾರಿಗೆ ಎಂದು ಜಗಳ. ಚುನಾವಣಾ ಆಯೋಗ ಚಕ್ರವನ್ನು ಯಾರಿಗೂ ಕೊಡದೆ ಬೀರುವಿನಲ್ಲಿಟ್ಟು ಬೀಗ ಹಾಕಿತು. ಒಬ್ಬರು ಬಾಣ ಹಿಡಿದು ಹೋದರು, ಇನ್ನೊಬ್ಬರಿಗೆ ಮುಂದೆ ತೆನೆ ಹೊತ್ತ ಮಹಿಳೆ ಸಿಕ್ಕಳು. ಪಿಂಕ್ ಫ್ಲಾಯ್ಡಿನವರು ಹಂದಿಯನ್ನಾದರೂ ಹಂಚಿಕೊಂಡರು!

ಭಾವ ನನ್ನನ್ನು ಕನಿಕರದಿಂದ ನೋಡಿದರು. "ಅದು ಕಲೆ ಕಣೋ. ಇದು ರಾಜಕೀಯ. ಇವರೆಲ್ಲ ಒಂದೇ."

ಇವರೆಲ್ಲ ಒಂದೇ. ಇದು ಭಾವನ ರಾಜಕೀಯ ಜ್ಞಾನದ ಮೊದಲ ವಾಕ್ಯ, ಕೊನೆಯ ವಾಕ್ಯವೂ ಅದೇ. ಎರಡರ ನಡುವೆ ಒಂದು ಗಂಟೆ ಮಾತಾಡಬಲ್ಲರು. 2001ರಲ್ಲಿ ಡೀಪ್ ಪರ್ಪಲ್ ಇಲ್ಲಿಗೆ ಬಂದಾಗ ಗಿಟಾರಿಸ್ಟ್ ಬ್ಲ್ಯಾಕ್‌ಮೋರ್ ತಂಡದಲ್ಲಿರಲಿಲ್ಲ. ಆ ಒಬ್ಬ ಮನುಷ್ಯನ ಗೈರುಹಾಜರಿಯನ್ನು ಭಾವ ಇಂದಿಗೂ ಕ್ಷಮಿಸಿಲ್ಲ. ಆದರೆ 2019ರಲ್ಲಿ ಸರ್ಕಾರ ಬಿದ್ದು, 17 ಶಾಸಕರು ಅನರ್ಹರಾಗಿ, ಅವರಲ್ಲಿ ಬಹುಪಾಲು ಜನ ಡಿಸೆಂಬರಿನಲ್ಲಿ ಬೇರೆ ಪಕ್ಷದ ಶಾಲು ಹೊದ್ದು ಗೆದ್ದು ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಆ ದಿನಗಳಲ್ಲಿ ಶಾಸಕರಲ್ಲಿ ಹಲವರು ಮುಂಬೈ ಹೋಟೆಲಿನಲ್ಲಿದ್ದರು. ಬಸ್ಸು, ಹೋಟೆಲ್ಲು, ಬಾಗಿಲಲ್ಲಿ ಕಾವಲು, ಹೊರಗೆ ಟೀವಿ ಕ್ಯಾಮೆರಾ. "ಟೂರ್ ಹೋಗಿದ್ರಾ?" ಎಂದರು ಭಾವ. ಅವರ ಮಟ್ಟಿಗೆ ಸರಿಯಾದ ಪ್ರಶ್ನೆಯೇ.

ನಮ್ಮ ಪಾಲಿಕೆಯ ಕತೆ ಹೇಳಿದರೆ ಯಾವ ರಾಕ್ ಅಭಿಮಾನಿಯೂ ನಂಬುವುದಿಲ್ಲ. 2015ರಲ್ಲಿ 198 ವಾರ್ಡುಗಳಿಗೆ ಚುನಾವಣೆ ಆಯಿತು. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿಯಿತು. ಸದಸ್ಯರು ಮನೆಗೆ ಹೋದರು, ಆಡಳಿತಾಧಿಕಾರಿ ಬಂದರು. ಆಮೇಲೆ ವರ್ಷಗಟ್ಟಲೆ ಚುನಾವಣೆಯ ಸುಳಿವಿಲ್ಲ. ವಾರ್ಡುಗಳ ಗಡಿ ಬರೆದರು, ಅಳಿಸಿದರು, ಮತ್ತೆ ಬರೆದರು. ಅಂದರೆ ತಂಡದಲ್ಲಿ ಹಾಡುವವರಿಲ್ಲ, ನುಡಿಸುವವರಿಲ್ಲ, ಮ್ಯಾನೇಜರ್ ಒಬ್ಬನೇ ವೇದಿಕೆ ಮೇಲೆ. ಟಿಕೆಟ್ ದುಡ್ಡು ಮಾತ್ರ ವರ್ಷವರ್ಷ ತಪ್ಪದೆ ಕಟ್ಟಬೇಕು, ಅದಕ್ಕೆ ಆಸ್ತಿ ತೆರಿಗೆ ಎಂದು ಹೆಸರು. ಒಬ್ಬ ಗಿಟಾರಿಸ್ಟ್ ಇಲ್ಲದ್ದಕ್ಕೆ ಇಪ್ಪತ್ತು ವರ್ಷ ಮುನಿಸಿಕೊಂಡ ಭಾವ, 198 ಜನ ಇಲ್ಲದ್ದನ್ನು ಗಮನಿಸಲೇ ಇಲ್ಲ. ಸುಳ್ಳು ಯಾಕೆ, ನಾನೂ ಗಮನಿಸಿದ್ದು ಮನೆ ಮುಂದಿನ ಗುಂಡಿಗೆ ಯಾರನ್ನು ಬೈಯಬೇಕು ಎಂದು ಹುಡುಕಿದಾಗ.

2025ರಲ್ಲಿ ಪಾಲಿಕೆಯನ್ನೇ ಐದು ಮಾಡಿದರು. ಇದು ಭಾವನಿಗೆ ತಟ್ಟನೆ ಅರ್ಥವಾಯಿತು. "ಕಿಸ್ ತಂಡದವರು 1978ರಲ್ಲಿ ಮಾಡಿದ್ದೂ ಅದೇ ಕಣೋ! ನಾಲ್ಕು ಜನ, ಒಂದೇ ದಿನ, ನಾಲ್ಕು ಸೋಲೋ ಆಲ್ಬಮ್!"

"ಆಮೇಲೆ ಏನಾಯ್ತು?"

"ಅಂಗಡಿಯಿಂದ ರಾಶಿಗಟ್ಟಲೆ ವಾಪಸ್ ಬಂತು."

ಇಷ್ಟೆಲ್ಲ ಹೇಳಿದ್ದು 2024ರ ಏಪ್ರಿಲ್ 28ರ ಸಂಜೆಗೆ ಬರುವುದಕ್ಕೆ. ಅದರ ಹಿಂದಿನ ಶುಕ್ರವಾರ, 26ರಂದು, ಬೆಂಗಳೂರಿನಲ್ಲಿ ಲೋಕಸಭೆಗೆ ಮತದಾನ. ಶುಕ್ರವಾರ ರಜೆ, ಶನಿವಾರ ಭಾನುವಾರ ಹೇಗೂ ರಜೆ. ಭಾವ ಗುರುವಾರ ರಾತ್ರಿಯೇ ಸಕಲೇಶಪುರದ ಹೋಂಸ್ಟೇಗೆ ಗಾಡಿ ಬಿಟ್ಟಿದ್ದರು. ಹಿಂದಿನ ವರ್ಷದ ವಿಧಾನಸಭಾ ಚುನಾವಣೆಯನ್ನು ಆಯೋಗ ಬೇಕೆಂದೇ ಬುಧವಾರ ಇಟ್ಟಿತ್ತು, ನಗರದ ಜನ ರಜೆ ಜೋಡಿಸಿಕೊಂಡು ಓಡಿಹೋಗದಿರಲಿ ಎಂದು. ಆಗ ಇಡೀ ರಾಜ್ಯ ಶೇ 73ರಷ್ಟು ಓಟು ಹಾಕಿದರೆ ಬೆಂಗಳೂರು 55ರ ಹತ್ತಿರ ಏದುಸಿರು ಬಿಡುತ್ತಾ ನಿಂತಿತು. ಬುಧವಾರದ ಗುಟ್ಟು ಭಾವ ಹೇಳಿದರು: "ಶುಕ್ರವಾರ ಆದ್ರೆ ಒಂದೇ ಕಡೆ ರಜೆ. ಬುಧವಾರ ಆದ್ರೆ ಹಿಂದೂ ಹಾಕಬಹುದು, ಮುಂದೂ ಹಾಕಬಹುದು."

ಸೌತ್ ಎಂಡ್ ಸರ್ಕಲ್ ಹತ್ತಿರದ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದೆವು. ಭಾವ ಕಪ್ಪು ಟೀಶರ್ಟಿನಲ್ಲಿದ್ದರು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡವನ್ನು ನೋಡಿದ ನೆನಪಿನದ್ದು. ಅದರ ಮೇಲಿನ ಎಡ್ಡಿ ಎಂಬ ಭೂತ ಆಗ ಒಣಕಲಾಗಿದ್ದ. ಈಗ ಭಾವನ ಹೊಟ್ಟೆಯ ಜತೆ ಅವನೂ ಮೈತುಂಬಿಕೊಂಡು ಗೃಹಸ್ಥನಂತೆ ಕಾಣುತ್ತಾನೆ.

"ಈ ಸಲ ಜನ ಯೋಚನೆ ಮಾಡಿ ಓಟು ಹಾಕಿಲ್ಲ ಕಣೋ" ಎಂದರು.

ನಾನು ಅವರ ಎಡಗೈ ನೋಡಿದೆ. ತೋರುಬೆರಳು ಫಳಫಳ.

"ಭಾವ, ನೀವು?"

"ನಾನು ಹಾಕಿ ಏನಾಗಬೇಕು? ಬೂತ್ ಹತ್ತಿರ ಪಾರ್ಕಿಂಗ್ ಇಲ್ಲ." ಸ್ವಲ್ಪ ತಡೆದು, "ಅಲ್ಲದೆ ಆ ಶಾಯಿ ತಿಂಗಳು ಹೋಗಲ್ಲ. ಗಿಟಾರ್ ಹಿಡಿಯೋ ಬೆರಳು ಅದು" ಎಂದರು.

ಭಾವ ಗಿಟಾರ್ ಹಿಡಿಯುವುದು ವರ್ಷಕ್ಕೊಮ್ಮೆ, ಆಯುಧಪೂಜೆ ದಿನ ಧೂಳು ಒರೆಸಿ ಕುಂಕುಮ ಇಡಲು. ಆದರೂ ನಾನು ಆಜ಼ಿಯ ಜತೆಗಾರ, ಗಿಟಾರಿಸ್ಟ್ ಟೋನಿ ಐಯೋಮಿಯ ಹೆಸರೆತ್ತಿದೆ. ಹದಿನೇಳನೇ ವಯಸ್ಸಿನಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಅವನ ಎರಡು ಬೆರಳಿನ ತುದಿ ಹೋಯಿತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು ಹೆವಿ ಮೆಟಲ್ ಎಂಬ ಸಂಗೀತವನ್ನೇ ಹುಟ್ಟುಹಾಕಿದ. "ಅವನು ಬೆರಳೇ ಕೊಟ್ಟ. ನಿಮಗೆ ಒಂದು ಗೆರೆ ಶಾಯಿ ಭಾರವಾಯ್ತಾ?"

"ಅದು ಕಲೆ ಕಣೋ" ಎಂದರು ಭಾವ.

ಆ ಶಾಯಿ ತಯಾರಾಗುವುದು ಮೈಸೂರಿನಲ್ಲಿ. ನಾಲ್ವಡಿಯವರು 1937ರಲ್ಲಿ ಶುರುಮಾಡಿದ ಬಣ್ಣದ ಕಾರ್ಖಾನೆ. 1962ರಿಂದ ದೇಶದ ಬೆರಳಿಗೆಲ್ಲ ಅಲ್ಲಿಂದಲೇ ಶಾಯಿ. ಮತಯಂತ್ರ ಮಾಡುವ ಎರಡು ಸರ್ಕಾರಿ ಕಂಪನಿಗಳಲ್ಲಿ ಒಂದು ನಮ್ಮ ಬಿಇಎಲ್. ಅಂದರೆ ಊರು ಗುಂಡಿ ಒತ್ತುವ ಯಂತ್ರ ಮಾಡಿ ದೇಶಕ್ಕೆಲ್ಲ ಕಳಿಸುತ್ತದೆ, ತಾನು ಮಾತ್ರ ಸಕಲೇಶಪುರಕ್ಕೆ ಹೋಗುತ್ತದೆ. ಆ ಶುಕ್ರವಾರ ನಗರದ ಮೂರೂ ಕ್ಷೇತ್ರಗಳು ಶೇ 53, 54ರ ಆಸುಪಾಸಿನಲ್ಲಿ ಮಲಗಿದವು. ಪಕ್ಕದ ಮಂಡ್ಯ 81 ದಾಟಿತ್ತು. 2011ರ ಅಕ್ಟೋಬರ್ 30ರಂದು ಇದೇ ಊರು ಅರಮನೆ ಮೈದಾನದಲ್ಲಿ ಮೆಟಾಲಿಕಾ ನೋಡಲು ಮುಗಿಬಿದ್ದಾಗ ಪಾರ್ಕಿಂಗ್ ಬಗ್ಗೆ ಯಾರೂ ಕೇಳಿದ ನೆನಪಿಲ್ಲ.

"ರಾಕ್‌ನವರು ರಾಜಕೀಯಕ್ಕೆ ಬಂದ್ರೆ ನೋಡು, ಆಗ ಹಾಕ್ತೀನಿ" ಎಂದರು ಭಾವ.

ಬಂದಿದ್ದಾರಲ್ಲ. ಆಸ್ಟ್ರೇಲಿಯಾದ ಮಿಡ್‌ನೈಟ್ ಆಯಿಲ್ ತಂಡದ ಗಾಯಕ ಪೀಟರ್ ಗ್ಯಾರೆಟ್ ಅಣುಶಕ್ತಿಯ ವಿರುದ್ಧ ಗಂಟಲು ಹರಿದು ಹಾಡಿದವರು. 2007ರಲ್ಲಿ ಪರಿಸರ ಮಂತ್ರಿಯಾದರು. 2009ರಲ್ಲಿ ಹೊಸ ಯುರೇನಿಯಂ ಗಣಿಗೆ ಸಹಿ ಹಾಕಿದರು. ಅಧಿಕಾರದ ಕುರ್ಚಿಯಲ್ಲಿ ಕೂತರೆ ಎಲ್ಲರೂ ಹಳೇ ಸರ್ಕಾರದ ಹಾಡನ್ನೇ ಹಾಡುವ ಆರ್ಕೆಸ್ಟ್ರಾದವರು.

ನನಗೆ ಇಷ್ಟವಾದವನು ಇಂಗ್ಲೆಂಡಿನ ಸ್ಕ್ರೀಮಿಂಗ್ ಲಾರ್ಡ್ ಸಚ್. ಶವಪೆಟ್ಟಿಗೆಯಿಂದ ಎದ್ದು ಬಂದು ಹಾಡುತ್ತಿದ್ದ ರಾಕ್ ಗಾಯಕ. ಹುಚ್ಚರ ಪಕ್ಷ ಎಂದು ತಾನೇ ಹೆಸರಿಟ್ಟುಕೊಂಡು ನಲವತ್ತರ ಹತ್ತಿರ ಚುನಾವಣೆ ನಿಂತ, ಎಲ್ಲದರಲ್ಲೂ ಸೋತ. 1963ರಲ್ಲಿ ಅವನು ಕೇಳಿದ್ದು ಹದಿನೆಂಟಕ್ಕೇ ಓಟಿನ ಹಕ್ಕು. ಜನ ನಕ್ಕರು. ಆರು ವರ್ಷಕ್ಕೆ ಅಲ್ಲಿ ಅದೇ ಕಾನೂನಾಯಿತು. 1990ರ ಒಂದು ಉಪಚುನಾವಣೆಯಲ್ಲಿ ಅವನಿಗೆ ಬಿದ್ದದ್ದು 418 ಓಟು. ಆದರೆ ಮಾಜಿ ವಿದೇಶಾಂಗ ಮಂತ್ರಿಯೊಬ್ಬರ ಪಕ್ಷ ಅವನಿಗಿಂತ ಕೆಳಗೆ ಬಿತ್ತು, ನಾಚಿಕೆಯಾಗಿ ಪಕ್ಷವನ್ನೇ ಮುಚ್ಚಿಬಿಟ್ಟರು.

ಭಾವನ ಕಣ್ಣು ಅರಳಿತು. "ನೋಡು, ಅಂಥವರು ನಮ್ಮಲ್ಲಿ ಎಲ್ಲಿದ್ದಾರೆ?"

ಇದ್ದರು ಭಾವ. ಹೊಟ್ಟೆ ಪಕ್ಷದ ರಂಗಸ್ವಾಮಿ. 86 ಚುನಾವಣೆ ನಿಂತು 86ರಲ್ಲೂ ಸೋತು ಗಿನ್ನೆಸ್ ಪುಸ್ತಕ ಸೇರಿದವರು. ಲಾರ್ಡ್ ಸಚ್‌ಗಿಂತ ಎರಡು ಪಟ್ಟು. ಮಿಕ್ಕ ಪಕ್ಷಗಳು ದೇಶ, ಧರ್ಮ, ಜಾತ್ಯತೀತತೆ ಎಂದು ಸುತ್ತಿ ಬಳಸಿ ಹೇಳಿದ್ದನ್ನು ಇವರು ಹೆಸರಿನಲ್ಲೇ ನೇರ ಹೇಳಿದರು. 2007ರಲ್ಲಿ ತೀರಿಕೊಂಡರು. ಆ ವರ್ಷ ಈ ಊರು ಐರನ್ ಮೇಡನ್ ಗುಂಗಿನಲ್ಲಿತ್ತು. ಅವರ ನೆನಪಿಗೆ ಟೀಶರ್ಟು ಬರಲಿಲ್ಲ.

"ಹೊಟ್ಟೆ ಪಕ್ಷಾನಾ?" ಭಾವ ನಕ್ಕರು. ಎಡ್ಡಿಯೂ ಕುಲುಕಿದ. "ಅಂಥ ಪಕ್ಷಕ್ಕೆ ಯಾರೋ ಓಟು ಹಾಕ್ತಾರೆ?"

ಈಗ ನನ್ನ ಬೆರಳಿನ ವಿಷಯ ಬಂತು. ಎಡಗೈ ತೋರುಬೆರಳಿನ ಮೇಲೆ ಉಗುರಿನಿಂದ ಕೆಳಕ್ಕೆ ದಪ್ಪ ಗೆರೆ. ಭಾವ ಅದನ್ನು ಆಗಲೇ ನೋಡಿದ್ದು. ಪ್ರಜಾಪ್ರಭುತ್ವದ ಬಗ್ಗೆ ಏನಾದರೂ ದೊಡ್ಡ ಮಾತು ಹೇಳೋಣ ಎಂದುಕೊಂಡೆ. ಬಾಯಿಗೆ ನಿಜವೇ ಬಂತು. ನೃಪತುಂಗ ರಸ್ತೆಯ ಹೋಟೆಲೊಂದರಲ್ಲಿ, ಶಾಯಿ ಹಾಕಿದ ಬೆರಳು ತೋರಿಸಿದವರಿಗೆ ಬೆಣ್ಣೆ ದೋಸೆ, ತುಪ್ಪದನ್ನ ಪುಕ್ಕಟೆ ಎಂದು ಪೇಪರಿನಲ್ಲಿ ಬಂದಿತ್ತು. ಹೀಗೆ ಕೊಡಬಹುದೋ ಇಲ್ಲವೋ ಎಂಬ ವಿಚಾರ ಹೈಕೋರ್ಟಿನವರೆಗೆ ಹೋಗಿ, ಕೊಡಬಹುದು ಎಂದಾಗಿತ್ತು. ಬೂತಿನಲ್ಲಿ ಹತ್ತು ನಿಮಿಷ ನಿಂತೆ, ದೋಸೆಗೆ ಮುಕ್ಕಾಲು ಗಂಟೆ. ನನ್ನ ಹಿಂದೆ ಮುಂದೆ ನಿಂತವರೆಲ್ಲ ಬೆರಳನ್ನು ಬಾವುಟದ ಹಾಗೆ ಎತ್ತಿ ಹಿಡಿದಿದ್ದರು.

ಭಾವ ಕಾಫಿ ಲೋಟ ಕೆಳಗಿಟ್ಟರು. ಜೀವನದಲ್ಲಿ ಮೊದಲ ಸಲ ತಮ್ಮ ಬೋಳು ತೋರುಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಬೆಣ್ಣೆ ಜಾಸ್ತಿ ಹಾಕಿದ್ರಾ?"