ಜೀನ್ ಇಲ್ಲದ ಗುಳ್ಳ ಉಂಟಾ?

ಆದಿಉಡುಪಿಯ ಬುಧವಾರದ ಸಂತೆಯಲ್ಲಿ ನಮ್ಮ ಮೇಲಿನ ಮಾಳಿಗೆಯ ರಾಯರು ಕನ್ನಡಕ ಹಣೆಗೇರಿಸಿ ಒಂದು ಮಟ್ಟುಗುಳ್ಳವನ್ನು ಓದುತ್ತಿದ್ದರು. ಹೌದು, ಓದುತ್ತಿದ್ದರು. ತಿಳಿಹಸುರು ಗುಂಡು ಬದನೆ, ತೊಟ್ಟಿನಲ್ಲಿ ಮುಳ್ಳು, ಉಗುರು ತಾಗಿದರೆ ಗೀರು ಬೀಳುವಷ್ಟು ತೆಳು ಸಿಪ್ಪೆ. ರಾಯರಿಗೆ ಅದ್ಯಾವುದೂ ಕಾಣಲಿಲ್ಲ. ಅವರ ಕಣ್ಣು ಬೆಳೆಗಾರರು ಅಂಟಿಸಿದ್ದ ಸ್ಟಿಕ್ಕರಿನ ಎರಡು ಅಕ್ಷರದಲ್ಲಿ ಸಿಕ್ಕಿಬಿದ್ದಿತ್ತು: ಜಿಐ.

“ಅಕ್ಕಾ, ಇದಕ್ಕೆ ಜೀನ್ ಹಾಕಿದ್ದಾರಲ್ವಾ?”

“ಎಂತ ಹಾಕಿದ್ದು?”

“ಜೀನ್. ವಂಶವಾಹಿ. ಇಲ್ಲಿ ಬರೆದಿದ್ದಾರೆ ನೋಡಿ, ಜಿಐ. ಜಿಎಂ, ಅದೇ ಕುಲಾಂತರಿ, ಅದರ ತಮ್ಮನೇ ಇರಬೇಕು.”

“ನಾವು ಹಟ್ಟಿಗೊಬ್ಬರ, ಬೂದಿ ಹಾಕುದು ರಾಯ್ರೇ. ನೀವು ಹೇಳಿದ್ದು ಯಾವ ಅಂಗಡಿಯಲ್ಲಿ ಸಿಗ್ತದೆ?”

“ಜೀನ್ ಇಲ್ಲದ ಗುಳ್ಳ ಉಂಟಾ ಹೇಳಿ.”

ಅಕ್ಕ ಒಂದು ಕ್ಷಣ ರಾಯರ ಮುಖ ನೋಡಿದಳು, ಒಂದು ಕ್ಷಣ ರಾಶಿ ನೋಡಿದಳು. “ಅದು ಬೆಳಿಗ್ಗೆಯೇ ಖಾಲಿ ಆಯ್ತು. ಬರುವ ವಾರ ತರ್ತೇನೆ.”

ವಾಪಸು ಬರುವಾಗ ರಿಕ್ಷಾದಲ್ಲಿ ನಾನು ಹೇಳಿದೆ: ರಾಯ್ರೇ, ಜಿಐ ಅಂದರೆ ಊರಿನ ಗುರುತು. ಈ ಗುಳ್ಳ ಕಟಪಾಡಿ ಹತ್ತಿರದ ಮಟ್ಟುವಿನದ್ದೇ, ಬೇರೆ ಕಡೆಯ ಬದನೆಗೆ ಈ ಹೆಸರಿಡುವಂತಿಲ್ಲ ಎಂದು 2011ರಲ್ಲಿ ಸಿಕ್ಕಿದ ಮಾನ್ಯತೆ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಎಂದು ನೀವೇ ಕೃಷ್ಣಮಠದ ಪರ್ಯಾಯದ ಊಟದಲ್ಲಿ ಎರಡು ಸಲ ಹುಳಿ ಬಡಿಸಿಕೊಂಡದ್ದಲ್ಲವಾ? ರಾಯರು ಒಪ್ಪಲಿಲ್ಲ. “ಗುರುಗಳು ಕೊಟ್ಟದ್ದರಲ್ಲಿ ಜೀನ್ ಇರ್ಲಿಕ್ಕಿಲ್ಲ ಮಾರಾಯ್ರೆ.”

ಇಲ್ಲಿಗೆ ನನ್ನ ಮಂಡೆ ಬಿಸಿಯಾಯಿತು. ಗುಳ್ಳದ ಒಂದೊಂದು ಜೀವಕೋಶದಲ್ಲೂ ಜೀನ್ ಉಂಟು. ಅದಿಲ್ಲದಿದ್ದರೆ ಗುಳ್ಳ ಗುಳ್ಳವಾಗುತ್ತಲೇ ಇರಲಿಲ್ಲ, ಗುಂಡಗಾಗಬೇಕೋ ಉದ್ದಕ್ಕಾಗಬೇಕೋ ಎಂದು ಗಿಡಕ್ಕೆ ಹೇಳುವವರೇ ಇರುತ್ತಿರಲಿಲ್ಲ. ಹರಿವೆಯಲ್ಲುಂಟು, ಬಸಳೆಯಲ್ಲುಂಟು, ರಾಯರಲ್ಲೂ ಉಂಟು. ಕುಲಾಂತರಿ ಅಂದರೆ ಜೀನ್ ಇರುವುದು ಅಂತಲ್ಲ, ಒಂದು ಜೀವಿಯ ಜೀನನ್ನು ಪ್ರಯೋಗಾಲಯದಲ್ಲಿ ಇನ್ನೊಂದಕ್ಕೆ ಸೇರಿಸಿದ್ದು. ಅಡುಗೆಮನೆಯಲ್ಲಿ ಜೀನೇ ಇಲ್ಲದ ವಸ್ತು ಬೇಕೆಂದರೆ ಉಪ್ಪೊಂದು ಉಂಟು. ತಮಾಷೆ ಎಂದರೆ ಮಂಗಳೂರಿನ ಮಾಲ್ ಒಂದರಲ್ಲಿ ಅದನ್ನೂ ಬಿಟ್ಟಿಲ್ಲ. ಗುಲಾಬಿ ಕಲ್ಲುಪ್ಪಿನ ಪ್ಯಾಕೆಟ್ ಮೇಲೆ ‘ನಾನ್ ಜಿಎಂಒ’, ಅಂದರೆ ಕುಲಾಂತರಿಯಲ್ಲ ಎಂದು ಮುದ್ರಿಸಿದ್ದಾರೆ, ರೇಟೂ ಹಾಗೆಯೇ ಉಂಟು. ಇನ್ನು ‘ಮೂಳೆರಹಿತ ನೀರು’ ಬರುವುದೊಂದು ಬಾಕಿ.

ಬದನೆಯ ಭಯಕ್ಕೆ ಬುಡವೇ ಇಲ್ಲ ಎಂದಲ್ಲ. ಮಣ್ಣಿನಲ್ಲಿರುವ ಬಿಟಿ ಎಂಬ ಬ್ಯಾಕ್ಟೀರಿಯಾದ ಒಂದು ಜೀನನ್ನು ಬದನೆಗೆ ಸೇರಿಸಿದರೆ, ಕಾಯಿ ಕೊರೆಯುವ ಹುಳ ತಿಂದು ಸಾಯುತ್ತದೆ. ಆ ಬಿಟಿ ಬದನೆಗೆ 2009ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿ ಒಪ್ಪಿಗೆ ಕೊಟ್ಟಿತು. ಊರೂರಲ್ಲಿ ಅಹವಾಲು ಸಭೆ, ಗಲಾಟೆ, ಧಿಕ್ಕಾರ ಎಲ್ಲ ಆಗಿ 2010ರ ಫೆಬ್ರವರಿ 9ಕ್ಕೆ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ತಡೆ ಹಾಕಿದರು. ಆಗ ಕೇಳಿದ ಪ್ರಶ್ನೆಗಳಿಗೆ ತೂಕ ಇತ್ತು: ಬೀಜ ಯಾರ ಕೈಯಲ್ಲಿರಬೇಕು, ಪರಾಗ ಹಾರಿಬಂದು ಊರಿನ ತಳಿ ಕಲಬೆರಕೆಯಾದರೆ ಯಾರು ಹೊಣೆ, ಪರೀಕ್ಷೆ ಮಾಡಿದವರು ಯಾರ ಸಂಬಳದವರು. ಅವನ್ನು ಇವತ್ತೂ ಕೇಳಬೇಕು. ಸಂತೆಯಲ್ಲಿ ಆ ಪ್ರಶ್ನೆ ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ. ಬಾಂಗ್ಲಾದೇಶ 2013ರಲ್ಲಿ ಒಪ್ಪಿ ಬೆಳೆಯತೊಡಗಿತು, ನಮ್ಮಲ್ಲಿ ತಡೆ ತಡೆಯಾಗಿಯೇ ಉಂಟು. ಅಂದರೆ ರಾಯರು ಹೆದರುವ ಬದನೆಗೆ ಈ ದೇಶದಲ್ಲಿ ಮಾರಾಟದ ಪರವಾನಗಿಯೇ ಇಲ್ಲ.

ಇಲ್ಲಿ ಗದ್ದೆಗಿಳಿದ ಕುಲಾಂತರಿ ಬೆಳೆ ಬಿಟಿ ಹತ್ತಿ, 2002ರಿಂದ. ಆ ಹತ್ತಿಯ ಬೀಜದಿಂದ ಎಣ್ಣೆ ತೆಗೆಯುತ್ತಾರೆ, ಎಣ್ಣೆಯಲ್ಲಿ ಕುರುಕಲು ಕರಿಯುತ್ತಾರೆ. ಸಂಜೆ ರಾಯರು ಟಿವಿ ಎದುರು ಕುಲಾಂತರಿಯ ವಿರುದ್ಧ ನನಗೆ ಪಾಠ ಮಾಡುವಾಗ ಕೈ ಹಾಕುತ್ತಿದ್ದ ಮಿಕ್ಸ್ಚರ್ ಪೊಟ್ಟಣವನ್ನು ತಿರುಗಿಸಿ ನೋಡಿದೆ. ಸಣ್ಣ ಅಕ್ಷರದಲ್ಲಿ ಹತ್ತಿಬೀಜದ ಎಣ್ಣೆ. ಶುದ್ಧೀಕರಿಸಿದ ಎಣ್ಣೆಯಲ್ಲಿ ಜೀನ್ ಉಳಿಯುವುದು ಇಲ್ಲವೆಂಬಷ್ಟೇ, ತಿಂದದ್ದಕ್ಕೆ ಏನೂ ಆಗಲಿಕ್ಕಿಲ್ಲ. ಆದರೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಹೇಳಿಬಿಟ್ಟೆ. ರಾಯರು ಪೊಟ್ಟಣ ಮುಟ್ಟಿ ನೋಡಿ, “ಇದರಲ್ಲಿ ಸ್ಟಿಕ್ಕರ್ ಇಲ್ಲವಲ್ಲ” ಎಂದರು.

ಜೀನ್ ಎಂದರೆ ಬೆಚ್ಚಿಬೀಳುವ ಈ ಮನುಷ್ಯ ನ್ಯಾನೋ ಎಂದರೆ ಚಪ್ಪಲಿ ಬಿಟ್ಟು ಕೈಮುಗಿಯುವ ಜಾತಿ. ಹೋದ ತಿಂಗಳು ಒಂದು ಸಭಾಂಗಣದಲ್ಲಿ ಉಚಿತ ಆರೋಗ್ಯ ಮಾಹಿತಿ, ಜೊತೆಗೆ ಕಾಫಿ, ಗೋಳಿಬಜೆ. ಟೈ ಕಟ್ಟಿದ ಯುವಕನೊಬ್ಬ ಒಂದು ಬಾಟಲಿಗೆ ನೀರು ಹೊಯ್ದು, ನಾಲ್ಕು ಸಲ ಕುಲುಕಿ, “ಇದು ನೀರಿನ ಅಣುಗಳನ್ನು ನ್ಯಾನೋ ಮಾಡ್ತದೆ, ಸೀದಾ ಜೀವಕೋಶಕ್ಕೆ ಹೋಗ್ತದೆ” ಎಂದ. ಬೆಲೆ 4,800. ನಾನು ಗೋಳಿಬಜೆ ಕೆಳಗಿಟ್ಟು ಲೆಕ್ಕ ಹಾಕಿದೆ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ತಲೆಕೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್. ನ್ಯಾನೋ ತಂತ್ರಜ್ಞಾನದ ಕಾರುಬಾರು ಹೆಚ್ಚಾಗಿ 1ರಿಂದ 100ರ ಒಳಗೆ. ನೀರಿನ ಒಂದು ಅಣುವೋ, ಹುಟ್ಟಿದಂದಿನಿಂದಲೇ 0.3ರ ಆಸುಪಾಸು. ಅಂದರೆ ನೀರನ್ನು ‘ನ್ಯಾನೋ ಮಾಡಬೇಕಾದರೆ’ ಅದನ್ನು ಊದಿಸಬೇಕು ಮಾರಾಯ್ರೆ!

ನ್ಯಾನೋ ಸುಳ್ಳು ಎಂದು ನಾನು ಹೇಳಿದ್ದಲ್ಲ. ಆ ಗಾತ್ರಕ್ಕಿಳಿದಾಗ ವಸ್ತುವಿನ ಸ್ವಭಾವವೇ ಬದಲಾಗುತ್ತದೆ, ಬಂಗಾರ ಹಳದಿ ಬಿಟ್ಟು ಕೆಂಪಾಗುತ್ತದೆ. ನಮ್ಮಜ್ಜಿಗೆ ಈ ವಿದ್ಯೆ ಗೊತ್ತಿಲ್ಲದೆಯೂ ಗೊತ್ತಿತ್ತು. ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ ಹಾಕಿ, ಹಿಡಿದ ಮಸಿಯನ್ನು ತುಪ್ಪದಲ್ಲಿ ಕಲಸಿ ನಮ್ಮ ಕಣ್ಣಿಗೆ ತೀಡುತ್ತಿದ್ದಳು. ಮಸಿಯ ಮೂಲ ಕಣ ನ್ಯಾನೋ ಗಾತ್ರದ್ದೇ. ಅಜ್ಜಿ ಕಾಫಿ ಕೊಟ್ಟು ಭಾಷಣ ಮಾಡಲಿಲ್ಲ, 4,800 ಕೇಳಲೂ ಇಲ್ಲ, ಹಾಗಾಗಿ ಯಾರೂ ನಂಬಲಿಲ್ಲ.

ರಾಯರು ಎರಡು ಬಾಟಲಿ ಕೊಂಡರು. 2016ರ ನವೆಂಬರಿನಲ್ಲಿ 2,000ದ ನೋಟಿನಲ್ಲಿ ನ್ಯಾನೋ ಚಿಪ್ ಉಂಟು, ನೆಲದಡಿ ಹೂತರೂ ಉಪಗ್ರಹಕ್ಕೆ ಕಾಣ್ತದೆ ಎಂದು ಸುದ್ದಿ ಹಬ್ಬಿದಾಗ, ನೋಟನ್ನು ಟ್ಯೂಬ್‌ಲೈಟಿಗೆ ಹಿಡಿದು ನನಗೆ ಚಿಪ್ ತೋರಿಸಿದವರೂ ಇವರೇ. 2023ರಲ್ಲಿ ಆ ನೋಟನ್ನು ವಾಪಸು ಕರೆದಾಗ ಇವರ ಗೋದ್ರೇಜ್ ಕಪಾಟಿನ ಸೀರೆಗಳ ಅಡಿಯಿಂದ ಐದು ಹೊರಬಂದವು. ಉಪಗ್ರಹಕ್ಕೆ ಕಂಡಿತ್ತೋ ಏನೋ, ಅವರ ಮನೆಯವರಿಗೆ ಅಲ್ಲಿಯವರೆಗೆ ಕಂಡಿರಲಿಲ್ಲ.

ಬಾಟಲಿ ತೋರಿಸಲೆಂದು ಫ್ರಿಜ್ ತೆರೆದರು. ಪಕ್ಕದಲ್ಲೇ ಇನ್ಸುಲಿನ್ ಪೆನ್. ರಾಯರಿಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಹೋಳಿಗೆ ಕಂಡರೆ ಮೊದಲು ಚುಚ್ಚು, ಆಮೇಲೆ ತುಪ್ಪ.

“ಇದು ಎಲ್ಲಿಂದ ಬರ್ತದೆ ಗೊತ್ತುಂಟಾ ರಾಯ್ರೇ?”

“ಮೆಡಿಕಲ್‌ನಿಂದ.”

ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾಕ್ಕೋ ಯೀಸ್ಟಿಗೋ ಸೇರಿಸಿ ತಯಾರಿಸುವ ಇನ್ಸುಲಿನ್ ಇದು, 1982ರಿಂದ ಮಾರುಕಟ್ಟೆಯಲ್ಲುಂಟು, ಅಪ್ಪಟ ಕುಲಾಂತರಿಯ ಉತ್ಪನ್ನ ಎಂದೆ. ರಾಯರ ಮುಖ ಬೆಳ್ಳಗಾಯಿತು. “ಹಾಗಾದರೆ ಹಳೇ ನಮೂನೆಯದ್ದೇ ತರಿಸುವ. ಅದು ಎಂತದರದ್ದು?”

“ಹಂದಿ ಮತ್ತು ದನದ ಮೇದೋಜೀರಕ ಗ್ರಂಥಿಯದ್ದು.”

ರಾಯರು ಜನಿವಾರ ಹಿಡಿದುಕೊಂಡು ಸ್ವಲ್ಪ ಹೊತ್ತು ಫ್ರಿಜ್ಜಿನ ಬೆಳಕನ್ನೇ ನೋಡಿದರು. ಆಮೇಲೆ ಮೆಲ್ಲ ಬಾಗಿಲು ಹಾಕಿ, “ಮದ್ದಿಗೆ ದೋಷ ಇಲ್ಲ, ಶಾಸ್ತ್ರದಲ್ಲೇ ಉಂಟು” ಎಂದರು.

ಮುಂದಿನ ಬುಧವಾರ ಪುನಃ ಸಂತೆ. ಅಕ್ಕ ಮಾತಿಗೆ ತಪ್ಪಿರಲಿಲ್ಲ, ಎರಡು ರಾಶಿ ಹಾಕಿದ್ದಳು. ಒಂದು ಸ್ಟಿಕ್ಕರಿನದ್ದು. ಇನ್ನೊಂದು ಎಲ್ಲಿಂದಲೋ ಲಾರಿಯಲ್ಲಿ ಬಂದ, ಸಿಪ್ಪೆ ದಪ್ಪದ, ಮುಳ್ಳಿಲ್ಲದ, ಗುಳ್ಳದ ವೇಷದ ಬದನೆ. ಎದುರಿಗೆ ರಟ್ಟಿನ ಬೋರ್ಡ್, ಯಾರೋ ಶಾಲೆಯ ಮಕ್ಕಳ ಕೈಬರಹ: ‘ಜಿಐ ಇಲ್ಲದ ಗುಳ್ಳ’. ಕಿಲೋಗೆ ಇಪ್ಪತ್ತು ರೂಪಾಯಿ ಜಾಸ್ತಿ. ಅದರ ಎದುರು ರಾಯರ ಹಿಂದೆ ಇನ್ನೂ ಆರು ಜನ ಚೀಲ ಹಿಡಿದು ನಿಂತಿದ್ದರು.

ನಾನು ಸ್ಟಿಕ್ಕರಿನ ರಾಶಿಗೆ ಕೈ ಹಾಕಿದೆ. ಅಕ್ಕ ತಕ್ಕಡಿ ಎತ್ತುತ್ತಾ ದನಿ ತಗ್ಗಿಸಿ ಹೇಳಿದಳು: “ನಿಮಗೆ ಹತ್ತು ಕಡಿಮೆ ಮಾಡ್ತೇನೆ. ಗೊತ್ತಿದ್ದೂ ತೆಗೊಳ್ತಿದ್ದೀರಲ್ಲ, ಪಾಪ.”