ಸತ್ಯಾಂಶ: ಪರಿಸರದಲ್ಲಿ ಮಾಸ್ಟರ್ಸ್ ಮಾಡಲು ಬಿಎಸ್ಸಿ ಆಗಿರಲೇಬೇಕಾ?

‘ಬಿಎ, ಬಿಕಾಂ ಮಾಡಿದವರಿಗೆ ಪರಿಸರ ವಿಷಯದಲ್ಲಿ ಮಾಸ್ಟರ್ಸ್ ಸೀಟಿಲ್ಲ. ಬಿಎಸ್ಸಿ ಜೊತೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಕೂಡ ಪಾಸಾಗಿರಬೇಕು.’ ವಾಟ್ಸಾಪಿನಲ್ಲಿ ಹೀಗೊಂದು ಸಂದೇಶ ಬಂದರೆ ನಂಬಬೇಡಿ. ಇದು ತಪ್ಪು.

ಇಲ್ಲಿ ಎರಡು ಬೇರೆ ಕೋರ್ಸ್‌ಗಳು ಬೆರೆತುಹೋಗಿವೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋವನ್ನೇ ನೋಡಿ. ಅಲ್ಲಿ ಪರಿಸರ ಅಧ್ಯಯನದ ಎಂಎಗೆ ಯಾವುದೇ ವಿಷಯದ ಪದವಿ ಸಾಕು. ಕನ್ನಡ ಐಚ್ಛಿಕ ಓದಿದವರೂ ಸೇರಬಹುದು. ಪರಿಸರ ವಿಜ್ಞಾನದ ಎಂಎಸ್ಸಿಗೆ ಮಾತ್ರ ವಿಜ್ಞಾನದ ಪದವಿ ಕೇಳುತ್ತಾರೆ.

ಅದು ಸುಮ್ನೆ ಹಾಕಿದ ನಿಯಮವಲ್ಲ. ಕೆರೆ ನೀರು ಎಷ್ಟು ಕೆಟ್ಟಿದೆ ಎಂದು ತಿಳಿಯಲು ಬಿಒಡಿ ಪರೀಕ್ಷೆ ಮಾಡುತ್ತಾರೆ. ಬಿಒಡಿ ಎಂದರೆ ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ. ನೀರನ್ನು ಬಾಟಲಿಯಲ್ಲಿ ತುಂಬಿ, 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಟ್ಟು, ಅದರಲ್ಲಿದ್ದ ಆಮ್ಲಜನಕ ಎಷ್ಟು ಕಡಿಮೆಯಾಯಿತು ಎಂದು ಅಳೆಯುತ್ತಾರೆ. ಇದಕ್ಕೆ ಲ್ಯಾಬ್ ಅಭ್ಯಾಸ, ರಸಾಯನಶಾಸ್ತ್ರ ಎರಡೂ ಬೇಕು ಅಲ್ವಾ? ಕಾನೂನು, ನೀತಿ, ಜನರ ಬದುಕಿನ ಕಡೆಯಿಂದ ಪರಿಸರವನ್ನು ನೋಡುವವರಿಗೆ ಸಮಾಜಶಾಸ್ತ್ರ, ಅರ್ಥಶಾಸ್ತ್ರದ ಓದೇ ಜಾಸ್ತಿ ಉಪಯೋಗ. ಅಂಥವರು ಈ ಕ್ಷೇತ್ರಕ್ಕೆ ಖಂಡಿತ ಬರಬೇಕು.

2024ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೊರಡಿಸಿದ ಸ್ನಾತಕೋತ್ತರ ಚೌಕಟ್ಟು ಇನ್ನೂ ಮುಂದೆ ಹೋಗಿದೆ. ಪದವಿಯಲ್ಲಿ ಏನೇ ಓದಿರಲಿ, ಆ ವಿಷಯದ ಪ್ರವೇಶ ಪರೀಕ್ಷೆ ಪಾಸಾದರೆ ಮಾಸ್ಟರ್ಸ್‌ಗೆ ಅರ್ಹ ಎನ್ನುತ್ತದೆ ಅದು. ಆದರೂ ಪ್ರತಿ ವಿಶ್ವವಿದ್ಯಾಲಯದ ಷರತ್ತು ಬೇರೆ ಇರಬಹುದು. ಹಾಗಾಗಿ ಶುಲ್ಕ ಕಟ್ಟುವ ಮೊದಲು ಪ್ರಾಸ್ಪೆಕ್ಟಸ್‌ನಲ್ಲಿ ‘ಅರ್ಹತೆ’ ಎಂಬ ಸಾಲನ್ನು ನೀವೇ ಓದಿ.

ಇನ್ನು ನೆಟ್? ಅದು ಮಾಸ್ಟರ್ಸ್ ಸೇರಲು ಅಲ್ಲ. ಮುಂದೆ ಸಹಾಯಕ ಪ್ರಾಧ್ಯಾಪಕರಾಗಲು, ಸಂಶೋಧನೆ ಮಾಡಲು ಇರುವ ಪರೀಕ್ಷೆ.