ಬುಧವಾರದ ಪಾಠ ಭಾನುವಾರವೇ ಮುಗಿದಿದೆ

ಧಾರವಾಡಕ್ಕೆ ವಿದ್ಯಾಕಾಶಿ ಅಂತ ಸುಮ್ನೆ ಹೆಸರು ಬಂದಿಲ್ಲ. ಇಲ್ಲಿ ಪಾಠ ನಡೆಯುವ ಮೊದಲೇ ಯಶಸ್ವಿಯಾಗಿರುತ್ತದೆ. ನಂಬಿಕೆ ಇಲ್ಲದಿದ್ದರೆ ನಮ್ಮ ಕಡೆಯ ಶಿಕ್ಷಕರ ಪಾಠ ಯೋಜನೆ ಪುಸ್ತಕ ತೆರೆದು ನೋಡಿ. ಕೊನೆಯ ಕಾಲಂ 'ಶಿಕ್ಷಕರ ಸ್ವ ಅವಲೋಕನ'. ಪಾಠ ಹೇಗಾಯಿತು ಅಂತ ಮುಗಿದ ಮೇಲೆ ಯೋಚಿಸಿ ಬರೆಯಬೇಕಾದ ಜಾಗ. ಬುಧವಾರದ ಪಾಠಕ್ಕೆ ಭಾನುವಾರ ರಾತ್ರಿಯೇ ಅಲ್ಲಿ ಷರಾ ಬಿದ್ದಿರುತ್ತದೆ: 'ಪಾಠ ಪರಿಣಾಮಕಾರಿಯಾಗಿ ಮೂಡಿಬಂದಿತು. ಮಕ್ಕಳು ಸಂತಸದಿಂದ ಪಾಲ್ಗೊಂಡರು.' ಹಾಗೆ ಪಾಲ್ಗೊಂಡವರಲ್ಲಿ ಅರ್ಧ ಮಂದಿ ಬುಧವಾರ ಅವ್ವನ ಜೊತೆ ಮೆಣಸಿನಕಾಯಿ ಬಿಡಿಸೋಕೆ ಹೊಲಕ್ಕೆ ಹೋಗಿರುತ್ತಾರೆ, ಅದು ಬೇರೆ ಮಾತು.

ಈ ಪುಸ್ತಕಕ್ಕೆ 5ಇ ಅನ್ನೋ ಮಾದರಿಯೂ ಇದೆ, ಅಂದರೆ ಇಂಗ್ಲಿಷಿನಲ್ಲಿ 'ಇ' ಅಕ್ಷರದಿಂದ ಶುರುವಾಗುವ ಐದು ಹಂತಗಳು. 1980ರ ದಶಕದಲ್ಲಿ ಅಮೆರಿಕದ ವಿಜ್ಞಾನ ಪಠ್ಯದವರು ರೂಪಿಸಿದ್ದು. ಮೊದಲು ಮಗುವಿನ ಕುತೂಹಲ ಕೆರಳಿಸು, ಆಮೇಲೆ ತಾನೇ ಹುಡುಕಲಿ, ನಂತರ ವಿವರಿಸು, ಕಲಿತದ್ದನ್ನು ಬೇರೆ ಕಡೆ ಬಳಸಲಿ, ಕೊನೆಗೆ ಎಷ್ಟು ಬಂತು ನೋಡು. ಒಳ್ಳೆಯ ಮಾದರಿಯೇ, ನನಗೇನೂ ತಕರಾರಿಲ್ಲ. ಆದರೆ ಅವರು ಹೇಳಿದ್ದು ಎರಡು ಮೂರು ವಾರ ನಡೆಯುವ ಒಂದು ಘಟಕಕ್ಕೆ. ನಮ್ಮ ಪೀರಿಯಡ್ 40 ನಿಮಿಷ. ಐದು ಇಗಳಿಗೆ ತಲಾ 8 ನಿಮಿಷ. ಕುತೂಹಲ ಒಂಬತ್ತನೇ ನಿಮಿಷಕ್ಕೆ ಕೆರಳಿದರೆ ಅದು ಮಗುವಿನ ತಪ್ಪು.

ಮೊನ್ನೆ ನಾಲ್ಕನೇ ತರಗತಿಯಲ್ಲಿ ಹಾಗೇ ಆಯಿತು. ಕಾಲು ಭಾಗ ದೊಡ್ಡದೋ, ಎಂಟನೇ ಒಂದು ಭಾಗ ದೊಡ್ಡದೋ ಅಂತ ಕೇಳಿದೆ. 'ಎಂಟನೇದ್ರೀ ಸರ, ನಾಕಕ್ಕಿಂತ ಎಂಟು ದೊಡ್ಡದಲ್ರಿ?' ಅಂದ ಒಬ್ಬ. ಇಡೀ ತರಗತಿ ಹೌದ್ಹೌದು ಅಂತ ತಲೆಯಾಡಿಸಿತು. ಕಪಾಟಿನಲ್ಲಿದ್ದ ಹಳೆಯ ಸುತ್ತೋಲೆಗಳನ್ನು ರೊಟ್ಟಿಯಂತೆ ದುಂಡಗೆ ಕತ್ತರಿಸಿ ಹಂಚಿದೆ. ಅವು ಮೊದಲ ಸಲ ಶಿಕ್ಷಣಕ್ಕೆ ಬಳಕೆಯಾದವು! ಹುಡುಗ ಒಂದು ತುಂಡಿನ ಮೇಲೆ ಇನ್ನೊಂದನ್ನಿಟ್ಟು ಬಹಳ ಹೊತ್ತು ನೋಡಿದ. 'ಹಂಗಾದ್ರ ನೂರು ಮಂದೀಗೆ ಹಂಚಿದ್ರ ಭಾಳ ಸಣ್ಣದು ಬರ್ತದೇನ್ರಿ?' ಅಂದ. ಅಷ್ಟರಲ್ಲಿ ಗಂಟೆ ಹೊಡೆಯಿತು, ಬಾಗಿಲಲ್ಲಿ ಪರಿಶೀಲನೆಗೆ ಬಂದ ಸಾಹೇಬರು ನಿಂತಿದ್ದರು.

ಅವರು ಹುಡುಗನ ಕಡೆ ನೋಡಲಿಲ್ಲ. ಪುಸ್ತಕ ನೋಡಿದರು. 'ಯೋಜನೆ ಪ್ರಕಾರ ಇವತ್ತು ಭಿನ್ನರಾಶಿ ಕೂಡಿಸೋದು ಇರಬೇಕಿತ್ತಲ್ರಿ? ಮಾರ್ಜಿನ್ ಬ್ಯಾರೆ ಕೆಂಪು ಶಾಯೀಲೆ ಹೊಡದಿಲ್ಲ.'

ಮಕ್ಕಳಿಗೆ ಈಗಾಗಲೇ ಏನು ಗೊತ್ತು, ಇವತ್ತು ಯಾವ ಒಂದು ವಿಷಯ ತಲೆಗೆ ಹೋಗಬೇಕು, ಹೋಯಿತು ಅಂತ ನನಗೆ ಗೊತ್ತಾಗೋದು ಹೇಗೆ. ಇಷ್ಟು ಬರೆದುಕೊಳ್ಳೋಕೆ ಅರ್ಧ ಹಾಳೆ ಸಾಕು. ಆದರೆ ಅರ್ಧ ಹಾಳೆಯಲ್ಲಿ ಮುಖ್ಯ ಶಿಕ್ಷಕರ ಸಹಿ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಸಹಿ, ದಿನಾಂಕ, ಮೊಹರು ಎಲ್ಲಿ ಹಾಕೋದು?

ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 27ನೇ ಕಲಂ ಪ್ರಕಾರ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. ಪಾಠ ಯೋಜನೆ ಬರೆಯೋದು ಆ ಮೂರರಲ್ಲಿ ಯಾವುದರೊಳಗೆ ಬರುತ್ತದೆ ಅಂತ ಸ್ಟಾಫ್ ರೂಮಿನಲ್ಲಿ ಕೇಳಿದರೆ ವಿಪತ್ತಿಗೇ ಜಾಸ್ತಿ ಮತ ಬೀಳುತ್ತವೆ.

ಈಗ ಹೊಸ ಆದೇಶ ಬಂದಿದೆ. ಪರಿಣಾಮಕಾರಿ ಪಾಠ ಯೋಜನೆ ಕುರಿತು ತರಬೇತಿ, ಹಾಜರಾತಿ ಕಡ್ಡಾಯ. ನಮ್ಮ ಶಾಲೆಯಲ್ಲಿ ಇರೋದೇ ಇಬ್ಬರು, ಇಬ್ಬರ ಹೆಸರೂ ಪಟ್ಟಿಯಲ್ಲಿದೆ. ಕೊನೆಯ ಸಾಲು ಹೀಗಿದೆ: 'ತರಗತಿಗಳಿಗೆ ತೊಂದರೆಯಾಗದಂತೆ ಹಾಜರಾಗುವುದು.'